ಏಳನೇ ಕ್ಲಾಸಿನ ಗೆಳೆಯ ಈಗೆಲ್ಲಿ?

ಹಳ್ಳಿ ಶಾಲೆಯ ಗೆಳೆತನಗಳು ಹೆಚ್ಚಾಗಿ ಕಡಿದುಹೋಗುವುದು ಏಳನೇ ತರಗತಿ ಮುಗಿದಾಗ. ಊರಿನ ಪ್ರಾಥಮಿಕ ಶಾಲೆ ಅಲ್ಲಿಗೆ ಮುಗಿಯುತ್ತದೆ, ಎಂಟನೆಯದಕ್ಕೆ ಬೇರೆ ಊರಿನ ಹೈಸ್ಕೂಲು. ಗುಬ್ಬಿ ತಾಲ್ಲೂಕಿನವರು ಕೆಲವರು ಚೇಳೂರಿಗೆ, ಕೆಲವರು ನಿಟ್ಟೂರಿಗೆ, ಅನುಕೂಲವಿದ್ದವರು ತುಮಕೂರಿಗೆ. ಕುಣಿಗಲ್ ಕಡೆಯವರು ಅಮೃತೂರಿಗೋ ಹುಲಿಯೂರುದುರ್ಗಕ್ಕೋ. ಅಪ್ಪನಿಗೆ ವರ್ಗವಾಗಿ ನಡುವರ್ಷದಲ್ಲೇ ಟಿ.ಸಿ. ತೆಗೆಸಿಕೊಂಡು ಹೋದವರೂ ಉಂಟು. ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಅಂಥವರನ್ನು ಹುಡುಕಲು ಹೊರಟರೆ ಕೈಯಲ್ಲಿ ಉಳಿದಿರುವುದು ಬರಿಯ ಹೆಸರು. ಮೊದಲ ತೊಡಕೂ ಅದೇ.

ಸಿದ್ಧಗಂಗಾ ಮಠ ಮತ್ತು ಎಡೆಯೂರು ಸಿದ್ಧಲಿಂಗೇಶ್ವರನ ಈ ಸೀಮೆಯಲ್ಲಿ ಸಿದ್ಧಲಿಂಗಯ್ಯ, ಸಿದ್ಧಗಂಗಮ್ಮ, ಶಿವಕುಮಾರ ಎಂಬ ಹೆಸರುಗಳು ಊರೂರಲ್ಲಿವೆ. ಫೇಸ್‌ಬುಕ್ಕಿನಲ್ಲಿ ಹೆಸರೊಂದನ್ನೇ ಹಾಕಿದರೆ ಜಾತ್ರೆಯೇ ಎದುರಾಗುತ್ತದೆ. ಮೇಷ್ಟ್ರು ಹಾಜರಿ ಕೂಗುವಾಗ ಹೇಳುತ್ತಿದ್ದ ಇನಿಷಿಯಲ್ ನೆನಪಿದ್ದರೆ ಅರ್ಧ ಕೆಲಸ ಆದಂತೆ. ಎರಡಕ್ಷರವಿದ್ದರೆ ಸಾಮಾನ್ಯವಾಗಿ ಮೊದಲನೆಯದು ಊರಿನದು, ಎರಡನೆಯದು ತಂದೆಯದು. 'ಕೆ' ಎಂದರೆ ಕುಣಿಗಲ್ಲೇ ಆಗಬೇಕಿಲ್ಲ. ಗುಬ್ಬಿ ತಾಲ್ಲೂಕಿನ ಕಡಬ, ಕಲ್ಲೂರುಗಳೂ ಇವೆ. ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. ಮದುವೆಯಾದ ಮೇಲೆ ಊರು ಬದಲು, ಎಷ್ಟೋ ಸಲ ಇನಿಷಿಯಲ್ಲೂ ಬದಲು. ಮತದಾರರ ಪಟ್ಟಿಯಲ್ಲಿ ತಂದೆಯ ಜಾಗದಲ್ಲಿ ಗಂಡನ ಹೆಸರು ಬಂದು ಕೂತಿರುತ್ತದೆ. ಗೆಳತಿಯನ್ನು ಹುಡುಕುವವರು ಆಕೆಯ ತವರನ್ನು, ಅಣ್ಣತಮ್ಮಂದಿರನ್ನು ಹುಡುಕುವುದೇ ವಾಸಿ.

ಎಲ್ಲಕ್ಕಿಂತ ಗಟ್ಟಿ ದಾಖಲೆ ಇರುವುದು ಓದಿದ ಶಾಲೆಯ ಬೀರುವಿನಲ್ಲಿ. ದಾಖಲಾತಿ ರಿಜಿಸ್ಟರಿನ ಒಂದು ಸಾಲಿನಲ್ಲಿ ಮಗುವಿನ ಪೂರ್ತಿ ಹೆಸರು, ತಂದೆಯ ಹೆಸರು, ಊರು, ಸೇರಿದ ತಾರೀಖು, ಬಿಟ್ಟ ತಾರೀಖು ಎಲ್ಲ ಇರುತ್ತವೆ. ಅದರಲ್ಲಿ ನಂಬಬಾರದ್ದೂ ಒಂದಿದೆ: ಹುಟ್ಟಿದ ದಿನ. ಹಿಂದೆ ಮಗುವನ್ನು ಸೇರಿಸಲು ಬಂದವರಿಗೆ ತಾರೀಖು ಗೊತ್ತಿಲ್ಲದಿದ್ದರೆ ಮೇಷ್ಟ್ರು ಅಂದಾಜಿನಲ್ಲಿ ಜೂನ್ 1 ಎಂದೋ ಮತ್ತೇನೋ ಬರೆದುಬಿಡುತ್ತಿದ್ದರು. ಈಗಿನ ಮಕ್ಕಳಿಗೆ ಶಿಕ್ಷಣ ಇಲಾಖೆ ಕೊಡುವ ಸ್ಯಾಟ್ಸ್ ಎಂಬ ಗುರುತಿನ ಸಂಖ್ಯೆ ಆ ಕಾಲದವರಿಗಿಲ್ಲ, ಹಾಗಾಗಿ ಹಳೆಯ ಪುಸ್ತಕವನ್ನೇ ತಿರುವಬೇಕು. ಶಾಲೆ ಮುಚ್ಚಿದ್ದರೆ ದಾಖಲೆ ಎಲ್ಲಿದೆಯೆಂದು ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಬಹುದು.

ಆದರೆ ಇನ್ನೊಬ್ಬರ ವಿವರವನ್ನು ಶಾಲೆಯವರು ಕೊಡಲೇಬೇಕೆಂದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮು ಖಾಸಗಿ ಮಾಹಿತಿಗೆ ರಕ್ಷಣೆ ಕೊಟ್ಟಿದೆ. ಅರ್ಜಿ ಹಾಕಿ ಜಗಳ ಕಾಯುವುದರಿಂದ ಪ್ರಯೋಜನ ಕಡಿಮೆ. ಬದಲಿಗೆ ತಮ್ಮ ಹೆಸರು, ಓದಿದ ವರ್ಷ, ಫೋನ್ ನಂಬರು ಬರೆದ ಚೀಟಿಯೊಂದನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟು, ಆ ಮನೆಯವರಿಗೆ ತಲುಪಿಸಿ ಎಂದು ಕೇಳುವುದು ಮರ್ಯಾದೆಯ ದಾರಿ. ಮಾತಾಡುವುದೋ ಬಿಡುವುದೋ ಅವರಿಗೆ ಬಿಟ್ಟದ್ದು.

ಕಾಗದದಲ್ಲಿ ಸಿಗದ್ದು ಜನರ ಬಾಯಲ್ಲಿ ಸಿಗುತ್ತದೆ. ಎಸ್ಸೆಸ್ಸೆಲ್ಸಿ ಬ್ಯಾಚಿನವರು ನಡೆಸುವ ಗುರುವಂದನೆ ಕಾರ್ಯಕ್ರಮಗಳು ಈಗ ಊರೂರಲ್ಲಿ ಸಾಮಾನ್ಯ, ಅದಕ್ಕೊಂದು ವಾಟ್ಸ್ಆ್ಯಪ್ ಗುಂಪೂ ಇದ್ದೇ ಇರುತ್ತದೆ. ಗುಂಪಿನಲ್ಲಿ ಒಬ್ಬ ಸಿಕ್ಕರೆ ಉಳಿದವರ ಸುಳಿವು ತಾನಾಗಿ ಬರುತ್ತದೆ. ಸಿದ್ಧಗಂಗೆಯ ಉಚಿತ ವಿದ್ಯಾರ್ಥಿನಿಲಯದಲ್ಲಿ ಬೆಳೆದವರದ್ದು ಬೇರೆ ಕಥೆ: ಅಲ್ಲಿ ಜೊತೆಗೆ ಉಂಡು ಮಲಗಿದ ಹುಡುಗ ರಾಜ್ಯದ ಯಾವ ಜಿಲ್ಲೆಯವನಾದರೂ ಆಗಿರಬಹುದು. 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಸ್ಮರಣೆಯ ದಿನ, ಏಪ್ರಿಲ್ 1ರ ಅವರ ಜಯಂತಿ, ಶಿವರಾತ್ರಿಯ ಜಾತ್ರೆ, ಈ ಮೂರಕ್ಕೂ ಹಳೆಯ ವಿದ್ಯಾರ್ಥಿಗಳು ಮಠಕ್ಕೆ ಬರುತ್ತಾರೆ. ವಿಚಾರಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ಶಾಲೆಗೆ ಹೋಗುವವರು ಮಾತ್ರ ತಿಂಗಳು ನೋಡಿಕೊಂಡು ಹೊರಡಬೇಕು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ, ಜೂನಿನಲ್ಲಿ ದಾಖಲಾತಿ ಮತ್ತು ಟಿ.ಸಿ.ಗಳ ಗಡಿಬಿಡಿ. ಹಳೆಯ ರಿಜಿಸ್ಟರ್ ತೆಗೆದು ನೋಡುವಷ್ಟು ಪುರುಸೊತ್ತು ಮುಖ್ಯೋಪಾಧ್ಯಾಯರಿಗೆ ಸಿಗುವುದು ಜುಲೈ ಕಳೆದ ಮೇಲೆಯೇ.