ಕ್ರಿಸ್ಮಸ್ ರಜೆಯ ವಿಹಾರವೂ ನ್ಯೂಟನ್ನನ ನಿಯಮಗಳೂ

ಮನುಷ್ಯನು ಭಯವನ್ನು ಕಂಡರೆ ದೂರ ಸರಿಯುವ ಪ್ರಾಣಿಯೆಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ಆದರೆ ವರ್ಷದ ಕೊನೆಯ ವಾರದಲ್ಲಿ ಹಣ ತೆತ್ತು, ಬಿಸಿಲಿನಲ್ಲಿ ಸರದಿ ನಿಂತು, ಎತ್ತರದಿಂದ ಬೀಳುವ ಭಯವನ್ನು ಕೊಂಡುಕೊಳ್ಳುವ ಸಾವಿರಾರು ಮಂದಿಯನ್ನು ಕಂಡಾಗ ಈ ನಂಬಿಕೆ ಸ್ವಲ್ಪ ಸಡಿಲವಾಗುತ್ತದೆ. ಬೀಳಬೇಕು, ಆದರೆ ಪೆಟ್ಟಾಗಬಾರದು. ತಲೆಕೆಳಗಾಗಬೇಕು, ಆದರೆ ಸಂಜೆಗೆ ಕ್ಷೇಮವಾಗಿ ಮನೆ ಸೇರಬೇಕು. ಇದು ನಮ್ಮೆಲ್ಲರ ವಿಚಿತ್ರವಾದ ಆಸೆ. ಈ ಆಸೆಯನ್ನು ನೆರವೇರಿಸಿಕೊಡುವ ಭಾರವನ್ನು ಹೊತ್ತಿರುವುದು ಭೌತಶಾಸ್ತ್ರ. ಅದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಮೈಸೂರು ನಗರದ ದಕ್ಷಿಣ ಭಾಗದಲ್ಲಿರುವ ಶ್ರೀರಾಂಪುರದಂತಹ ಬಡಾವಣೆಯಲ್ಲಿ ಡಿಸೆಂಬರ್ ತಿಂಗಳು ಬಂತೆಂದರೆ ಮಕ್ಕಳ ಬಾಯಲ್ಲಿ ಒಂದೇ ಮಾತು. ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರಗಳಿಗೆ ದೀಪಾಲಂಕಾರವಾಗುವ ಆ ದಿನಗಳಲ್ಲಿ ಅನೇಕ ಶಾಲೆಗಳಿಗೆ ರಜೆ. ದಸರೆಯಲ್ಲಿ ನೆಂಟರು ಬಂದರೆಂದೋ, ಬೇಸಗೆಯಲ್ಲಿ ಮದುವೆಗಳು ಬಂದುವೆಂದೋ ಮುಂದಕ್ಕೆ ಹೋದ ವಿಹಾರವು ಕ್ರಿಸ್ಮಸ್ಸಿಗಾದರೂ ನೆರವೇರಲೇಬೇಕು. ಹತ್ತಿರದಲ್ಲಿಯೇ ಸಾಕೆಂಬವರಿಗೆ ಮೇಟಗಳ್ಳಿಯ ಬಳಿ, ಕೃಷ್ಣರಾಜಸಾಗರದ ರಸ್ತೆಯಲ್ಲಿ, ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಇದೆ. ದೂರ ಹೋಗಬೇಕೆಂಬವರು ಮುಂಜಾನೆಯೇ ಎದ್ದು, ಬುತ್ತಿ ಕಟ್ಟಿಕೊಂಡು, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರಗಳ ದಾರಿ ಹಿಡಿದು ನೂರು ಕಿಲೋಮೀಟರಿಗೂ ಮಿಕ್ಕ ಪ್ರಯಾಣ ಮಾಡಿ, 2005ರಲ್ಲಿ ಬಿಡದಿಯ ಬಳಿ ಆರಂಭವಾದ ವಂಡರ್‌ಲಾ ಉದ್ಯಾನವನ್ನು ಸೇರುತ್ತಾರೆ. ತಿಂಗಳುಗಟ್ಟಲೆ ಕೂಡಿಟ್ಟ ಹಣ, ವರ್ಷವಿಡೀ ಕಾದ ಮಕ್ಕಳು, ಕೈಯಲ್ಲಿರುವುದು ಒಂದೇ ಹಗಲು. ಆದುದರಿಂದ ಅಲ್ಲಿ ನಡೆಯುವುದೇನೆಂಬುದನ್ನು ಮೊದಲೇ ತಿಳಿದಿರುವುದು ಲಾಭಕರ.

ಮಂಜಿನ ಇಳಿಜಾರಿನಿಂದ ಉಕ್ಕಿನ ಹಳಿಗೆ

ಇಂತಹ ವಿನೋದ ಇಂದು ನಿನ್ನೆಯದಲ್ಲ. ನಮ್ಮ ಜಾತ್ರೆಗಳಲ್ಲಿ ಮರದ ತೊಟ್ಟಿಲುಗಳು ತಿರುಗುತ್ತಿದ್ದ ಕಾಲದಲ್ಲಿಯೇ ರಷ್ಯಾದೇಶದವರು ಚಳಿಗಾಲದಲ್ಲಿ ಮರದ ಅಟ್ಟಗಳನ್ನು ಕಟ್ಟಿ, ಅವುಗಳ ಇಳಿಜಾರಿಗೆ ಮಂಜುಗಡ್ಡೆ ಹೊದಿಸಿ, ಜಾರುತ್ತಿದ್ದರು. ಅಮೆರಿಕದ ಕೋನಿ ಐಲೆಂಡಿನಲ್ಲಿ ಲಮಾರ್ಕಸ್ ಥಾಮ್ಸನ್ನನು 1884ರಲ್ಲಿ ಏರಿಳಿತದ ಹಳಿಯ ಮೇಲೆ ಬಂಡಿಗಳನ್ನು ಓಡಿಸಿ, ತಲೆಗೆ ಐದು ಸೆಂಟುಗಳಂತೆ ವಸೂಲು ಮಾಡಿದನು. ಆ ಬಂಡಿಯ ವೇಗ ಗಂಟೆಗೆ ಆರು ಮೈಲಿ ಮಾತ್ರ; ಚುರುಕಾದ ಹುಡುಗನು ಪಕ್ಕದಲ್ಲಿ ಓಡಿ ಅದನ್ನು ಹಿಂದೆ ಹಾಕಬಹುದಾಗಿತ್ತು. 1893ರಲ್ಲಿ ಷಿಕಾಗೋ ನಗರದ ವಸ್ತುಪ್ರದರ್ಶನದಲ್ಲಿ ಜಾರ್ಜ್ ಫೆರಿಸ್ ಎಂಬ ಎಂಜಿನಿಯರನು ನಿಲ್ಲಿಸಿದ ಚಕ್ರದ ಎತ್ತರ 264 ಅಡಿ. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ನಾವು ಹತ್ತುವ ಜೈಂಟ್ ವೀಲ್ ಅದರ ವಂಶಕ್ಕೇ ಸೇರಿದುದು. 1955ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. 1959ರಲ್ಲಿ ಅಲ್ಲಿ ಕೊಳವೆಯಾಕಾರದ ಉಕ್ಕಿನ ಹಳಿ ಬಂದಿತು. ಮರದ ಹಳಿಗೆ ಸಾಧ್ಯವಿಲ್ಲದ ತಿರುವುಗಳೆಲ್ಲ ಆ ಮೇಲೆ ಸಾಧ್ಯವಾದುವು.

ಎಂಜಿನ್ ಇಲ್ಲದ ಬಂಡಿ

ರೋಲರ್ ಕೋಸ್ಟರ್ ಎಂಬ ಹಳಿಬಂಡಿಯನ್ನು ಗಮನಿಸೋಣ. ಸಾಮಾನ್ಯವಾಗಿ ಇದರಲ್ಲಿ ಎಂಜಿನ್ನೇ ಇರುವುದಿಲ್ಲ. ಸರಪಳಿಯೊಂದು ಬಂಡಿಯನ್ನು ಮೊದಲನೆಯ ದಿಬ್ಬದ ನೆತ್ತಿಗೆ ಎಳೆದು ಬಿಟ್ಟುಬಿಡುತ್ತದೆ. ಉಳಿದುದೆಲ್ಲ ಭೂಮಿಯ ಆಕರ್ಷಣೆಯ ಕೆಲಸ. ಎತ್ತರಕ್ಕೇರಿಸುವಾಗ ಬಂಡಿಯಲ್ಲಿ ಶೇಖರವಾದ ಪ್ರಚ್ಛನ್ನಶಕ್ತಿಯು ಇಳಿಯುವಾಗ ಚಲನಶಕ್ತಿಯಾಗುತ್ತದೆ. 20 ಮೀಟರ್ ಎತ್ತರದಿಂದ ಇಳಿದ ಬಂಡಿಯ ವೇಗವನ್ನು ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 20 ಮೀಟರ್, ಅಂದರೆ ಗಂಟೆಗೆ ಸುಮಾರು 71 ಕಿಲೋಮೀಟರ್ ಎಂದು ಬರುತ್ತದೆ. ಈ ಲೆಕ್ಕದಲ್ಲಿ ತೂಕಕ್ಕೆ ಸ್ಥಾನವೇ ಇಲ್ಲ. ಬಂಡಿಯಲ್ಲಿ ಜಟ್ಟಿಗಳು ಕುಳಿತಿರಲಿ, ಬಾಲಕರು ಕುಳಿತಿರಲಿ, ವೇಗ ಹೆಚ್ಚುಕಡಮೆ ಒಂದೇ. ದಾರಿಯಲ್ಲಿ ಘರ್ಷಣೆಯೂ ಗಾಳಿಯೂ ತಮ್ಮ ಪಾಲಿನ ಸುಂಕವನ್ನು ವಸೂಲು ಮಾಡುತ್ತಲೇ ಇರುವುದರಿಂದ ಮೊದಲನೆಯ ದಿಬ್ಬದ ಎತ್ತರವನ್ನು ಬಂಡಿಯು ತಾನಾಗಿ ಮತ್ತೆ ಮುಟ್ಟಲಾರದು. ಮುಂದಿನ ದಿಬ್ಬಗಳು ಗಿಡ್ಡವಾಗಿರುವುದಕ್ಕೆ ಇದೇ ಕಾರಣ.

ಇಳಿಯುವಾಗ ಹೊಟ್ಟೆಯಲ್ಲಿ ಏನೋ ಮೇಲೆದ್ದಂತಾಗುವುದೇಕೆ? ನಾವು ‘ತೂಕ’ವೆಂದು ಅನುಭವಿಸುವುದು ಭೂಮಿಯ ಸೆಳೆತವನ್ನಲ್ಲ, ನೆಲವೋ ಆಸನವೋ ನಮ್ಮನ್ನು ಮೇಲಕ್ಕೆ ಒತ್ತುವ ಬಲವನ್ನು. ಆಸನವೂ ನಮ್ಮೊಡನೆಯೇ ಬೀಳತೊಡಗಿದರೆ ಒತ್ತುವವರು ಯಾರೂ ಇಲ್ಲ. ದೇಹದ ಒಳಗಿನ ಅಂಗಗಳೂ ಒಂದರ ಮೇಲೊಂದು ಭಾರ ಹಾಕುವುದನ್ನು ಬಿಡುತ್ತವೆ. ಮೇಲಿನಿಂದ ಬೀಳುವವನಿಗೆ ತನ್ನ ತೂಕವೇ ತಿಳಿಯದೆಂಬ ಈ ವಿಚಾರ 1907ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕುಳಿತಿದ್ದ ಐನ್‌ಸ್ಟೈನನಿಗೆ ಹೊಳೆಯಿತು. ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಬೀಜ ಅದೇ. ನಮ್ಮ ಮಕ್ಕಳು ಕಿರಿಚಿಕೊಂಡು ಅನುಭವಿಸುವುದನ್ನು ಆತನು ಕುರ್ಚಿಯಲ್ಲಿ ಕುಳಿತೇ ಕಂಡನು.

ದೋಣಿಯಾಕಾರದ ದೊಡ್ಡ ಉಯ್ಯಾಲೆಯಲ್ಲಿಯೂ ಇದೇ ನಿಯಮ. ಉಯ್ಯಾಲೆಯು ಎರಡು ಪಕ್ಕಗಳಿಗೂ ಲಂಬರೇಖೆಯಿಂದ 60 ಡಿಗ್ರಿಯವರೆಗೆ ಏರುತ್ತದೆಂದು ಭಾವಿಸಿ. ತುದಿಯಲ್ಲಿ ಆಸನವು ನಮ್ಮನ್ನು ಒತ್ತುವ ಬಲ ತೂಕದ ಅರ್ಧಕ್ಕೆ ಇಳಿಯುತ್ತದೆ. ತಳದಲ್ಲಿ ಅದು ತೂಕದ ಎರಡರಷ್ಟಾಗುತ್ತದೆ. ಅರ್ಧ, ಎರಡರಷ್ಟು, ಮತ್ತೆ ಅರ್ಧ: ಈ ಏರುಪೇರೇ ವಿನೋದ. ಅಜ್ಜಿಯರು ಮರದ ಕೊಂಬೆಗೆ ಹಗ್ಗ ಕಟ್ಟಿ ಜೀಕಿದಾಗಲೂ ಇದೇ ಲೆಕ್ಕ ನಡೆದಿತ್ತು. ಅಳತೆ ಮಾತ್ರ ಕಿರಿದು.

ತಲೆಕೆಳಗಾದರೂ ಬೀಳದ ಬಗೆ

ನೆಟ್ಟಗೆ ನಿಲ್ಲಿಸಿದ ಉಂಗುರದಂತಹ ಹಳಿಯಲ್ಲಿ ಬಂಡಿಯು ತಲೆಕೆಳಗಾಗಿ ಓಡುವುದನ್ನು ಕಂಡು ಹಿರಿಯರು ಕಣ್ಣು ಮುಚ್ಚಿಕೊಳ್ಳುವುದುಂಟು. ನೀರು ತುಂಬಿದ ಚೆಂಬಿಗೆ ಹಗ್ಗ ಕಟ್ಟಿ ರಭಸದಿಂದ ಸುತ್ತಿದರೆ ನೀರು ಚೆಲ್ಲದಿರುವುದನ್ನು ನೀವು ಬಲ್ಲಿರಿ. ಉಂಗುರದ ನೆತ್ತಿಯಲ್ಲಿ ಬಂಡಿಗೆ ತಕ್ಕಷ್ಟು ವೇಗವಿದ್ದರೆ ಭೂಮಿಯ ಸೆಳೆತವೆಲ್ಲವೂ ಅದನ್ನು ವೃತ್ತದಲ್ಲಿ ಬಾಗಿಸುವುದಕ್ಕೇ ವೆಚ್ಚವಾಗಿಬಿಡುತ್ತದೆ. ಕೆಳಗೆ ಬೀಳಿಸಲು ಮಿಗುವುದಿಲ್ಲ.

ಆದರೆ ಇಲ್ಲೊಂದು ತೊಡಕುಂಟು. ಉಂಗುರವು ಪೂರ್ಣ ವೃತ್ತವಾಗಿದ್ದು, ನೆತ್ತಿಯಲ್ಲಿ ಕನಿಷ್ಠ ವೇಗವಷ್ಟೇ ಇರಬೇಕೆಂದುಕೊಂಡರೂ, ತಳದಲ್ಲಿ ಪ್ರಯಾಣಿಕನಿಗೆ ತನ್ನ ತೂಕದ ಆರರಷ್ಟು ಭಾರದ ಅನುಭವವಾಗುತ್ತದೆಂದು ಲೆಕ್ಕ ಹೇಳುತ್ತದೆ. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿಗೆ ತಾನು 300 ಕಿಲೋಗ್ರಾಂ ಆದಂತೆ ತೋರುವುದು! 1895ರಲ್ಲಿ ಕೋನಿ ಐಲೆಂಡಿನಲ್ಲಿ ಕಟ್ಟಿದ ವೃತ್ತಾಕಾರದ ಹಳಿಯು ಪ್ರಯಾಣಿಕರ ಕುತ್ತಿಗೆಗಳನ್ನು ನೋಯಿಸಿ ಹೆಸರು ಕೆಡಿಸಿಕೊಂಡಿತು. ಇದಕ್ಕೆ ಒಪ್ಪುವ ಪರಿಹಾರ ದೊರೆತುದು ಎಂಬತ್ತು ವರ್ಷಗಳ ತರುವಾಯ. 1976ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತೆರೆದ ಹಳಿಯೊಂದಕ್ಕೆ ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ನೀರಹನಿಯ ಆಕಾರ ಕೊಟ್ಟನು. ವೇಗ ಹೆಚ್ಚಾಗಿರುವ ತಳದಲ್ಲಿ ಬಾಗು ವಿಶಾಲ. ವೇಗ ಕುಗ್ಗುವ ನೆತ್ತಿಯಲ್ಲಿ ಬಾಗು ಕಿರಿದು. ಇದರಿಂದ ತಳದ ಒತ್ತಡ ದೇಹವು ತಾಳುವಷ್ಟಕ್ಕೆ ಇಳಿಯಿತು. ಮುಂದೆ ಎಲ್ಲಿಯಾದರೂ ಇಂತಹ ಹಳಿಯನ್ನು ಕಂಡಾಗ ಅದು ವೃತ್ತವೇ ಅಲ್ಲವೇ ಎಂಬುದನ್ನು ಪರೀಕ್ಷಿಸಿ ನೋಡಿ.

ಎತ್ತರದ ಗೆರೆ

ನಮ್ಮ ಬೀದಿಯ ಒಂಬತ್ತು ವರ್ಷದ ಬಾಲಕನೊಬ್ಬನು ಇಂತಹ ಉದ್ಯಾನವೊಂದಕ್ಕೆ ಹೋಗಿ ಬಂದು ನಮ್ಮನ್ನು ಕೇಳಿದ ಪ್ರಶ್ನೆ ಇದು: “ಮಾವ, ನನಗೆ ಅಕ್ಕನಿಗಿಂತ ಧೈರ್ಯ ಜಾಸ್ತಿ. ಆದರೂ ಗೋಡೆ ಮೇಲಿನ ಗೆರೆ ತೋರಿಸಿ ನನ್ನನ್ನು ಹೊರಗೆ ನಿಲ್ಲಿಸಿದರು. ಅವರು ಧೈರ್ಯಾನ ಯಾಕೆ ಅಳೆಯೋಲ್ಲ?” ಎರಡು ವರ್ಷ ಕಾದು ಹೋದವನು, ಅಕ್ಕ ಹತ್ತಿದ ಬಂಡಿಯನ್ನು ಬೇಲಿಯಾಚೆಯಿಂದ ನೋಡಿ ಬಂದಿದ್ದನು. ಅವನ ದುಃಖ ಸಣ್ಣದಲ್ಲ, ಪ್ರಶ್ನೆಯಂತೂ ನ್ಯಾಯವಾದುದೇ.

ಉತ್ತರವಿರುವುದು ನ್ಯೂಟನ್ನನ ಮೊದಲನೆಯ ನಿಯಮದಲ್ಲಿ. ಬಂಡಿಯು ದಿಬ್ಬದ ನೆತ್ತಿಯನ್ನು ದಾಟಿ ಕೆಳಕ್ಕೆ ಬಾಗುವಾಗ ಒಳಗಿರುವ ದೇಹವು ಜಡತ್ವದಿಂದ ತಾನು ಹೋಗುತ್ತಿದ್ದ ದಿಕ್ಕಿನಲ್ಲಿಯೇ ಹೋಗಲು ಹವಣಿಸುತ್ತದೆ, ಎಂದರೆ ಆಸನವನ್ನು ಬಿಟ್ಟು ಮೇಲೇಳುತ್ತದೆ. ಅದನ್ನು ಹಿಡಿದು ಕೆಳಗೆ ತರುವುದು ತೊಡೆಯ ಮೇಲಿನ ಅಥವಾ ಹೆಗಲ ಮೇಲಿನ ಕಂಬಿ. ಆ ಕಂಬಿಯನ್ನು ಒಂದು ಅಳತೆಯ ದೇಹಕ್ಕೆ ರಚಿಸಿರುತ್ತಾರೆ. ದೇಹವು ಅದಕ್ಕಿಂತ ಚಿಕ್ಕದಾದರೆ ನಡುವೆ ತೆರಪು ಉಳಿಯುತ್ತದೆ. ಆ ತೆರಪಿನಲ್ಲಿ ಮಗು ಜಾರಬಹುದು. ಜಡತ್ವಕ್ಕೆ ಧೈರ್ಯವಂತನೂ ಒಂದೇ, ಅಂಜುಬುರುಕನೂ ಒಂದೇ. ದಪ್ಪ ಅಟ್ಟೆಯ ಚಪ್ಪಲಿ ತೊಡಿಸಿ ಮಗುವನ್ನು ಗೆರೆ ದಾಟಿಸುವ ತಂದೆತಾಯಿಗಳು ಕಾವಲುಗಾರನನ್ನು ವಂಚಿಸಬಹುದು; ಕಂಬಿಯನ್ನು ವಂಚಿಸಲಾರರು. ಬಾಲಕನಿಗೆ ನಾವು ಇದನ್ನೆಲ್ಲ ಹೇಳಿ, ಅವನ ವಯಸ್ಸಿನವರು ವರ್ಷಕ್ಕೆ 5ರಿಂದ 6 ಸೆಂಟಿಮೀಟರ್ ಬೆಳೆಯುವರೆಂಬುದನ್ನೂ ತಿಳಿಸಿದೆವು. ಅವನು ಮನೆಯ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಅದರ ಪಕ್ಕದಲ್ಲಿ ತಾರೀಖು ಬರೆದಿದ್ದಾನೆ.

ದಣಿಯುವ ಲೋಹ, ದಣಿಯದ ತಡೆ

ಯಂತ್ರವನ್ನು ನಂಬಿ ಕುಳಿತ ಪ್ರಯಾಣಿಕನ ಪ್ರಾಣ ಯಂತ್ರದ ಕೈಯಲ್ಲಿರುತ್ತದೆಂಬುದನ್ನು ಮರೆಯಬಾರದು. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ದಂಡೆಯ ಉದ್ಯಾನದಲ್ಲಿ ಲೋಲಕದಂತೆ ತೂಗುವ ಯಂತ್ರವೊಂದು ಮುರಿದುಬಿದ್ದು ಇಬ್ಬರು ಮೃತರಾದರು, ಅನೇಕರು ಗಾಯಗೊಂಡರು. ದಿನಕ್ಕೆ ನೂರಾರು ಸಲ ಎಳೆತಕ್ಕೂ ಒತ್ತಡಕ್ಕೂ ಸಿಕ್ಕುವ ಯಾವ ಯಂತ್ರಕ್ಕೂ ‘ಲೋಹದ ದಣಿವು’ ಎಂಬ ಶತ್ರು ಇದ್ದೇ ಇದೆ. ತಂತಿಯೊಂದನ್ನು ಒಂದೇ ಕಡೆ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಹೋದರೆ ಅದು ತುಂಡಾಗುವುದಷ್ಟೆ? ಹಾಗೆಯೇ ಕಣ್ಣಿಗೆ ಕಾಣದ ಬಿರುಕು ಪ್ರತಿ ತೂಗಾಟದಲ್ಲಿಯೂ ಕೂದಲೆಳೆಯಷ್ಟು ಬೆಳೆಯಬಹುದು. ಆದುದರಿಂದಲೇ ಶ್ರವಣಾತೀತ ಧ್ವನಿಯನ್ನು ಲೋಹದೊಳಕ್ಕೆ ಕಳುಹಿಸಿ, ಅದರ ಮಾರ್ದನಿಯಿಂದ ಬಿರುಕನ್ನು ಪತ್ತೆ ಹಚ್ಚುವ ಪದ್ಧತಿ ಇದೆ. ‘ತಪಾಸಣೆಗಾಗಿ ನಿಲ್ಲಿಸಲಾಗಿದೆ’ ಎಂಬ ಫಲಕವನ್ನು ಕಂಡು ಬೇಸರಪಡುವವರು ಆ ಫಲಕಕ್ಕೆ ಕೃತಜ್ಞರಾಗಿರುವುದು ಲೇಸು.

ದಣಿಯದ ರಕ್ಷಕನೊಬ್ಬನೂ ಇದ್ದಾನೆ. ಈಚಿನ ಅನೇಕ ಬಂಡಿಗಳಿಗೆ ಕಾಂತೀಯ ತಡೆಗಳಿರುತ್ತವೆ. ಬಲವಾದ ಅಯಸ್ಕಾಂತಗಳ ನಡುವೆ ತಾಮ್ರದಂತಹ ಲೋಹದ ಹಲಗೆ ಹಾದುಹೋಗುವಾಗ ಅದರಲ್ಲಿ ವಿದ್ಯುತ್ತಿನ ಸುಳಿಗಳು ಹುಟ್ಟಿ, ತಮ್ಮನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತವೆ. ಹಲಗೆಯೂ ಅಯಸ್ಕಾಂತವೂ ಒಂದನ್ನೊಂದು ಮುಟ್ಟುವುದಿಲ್ಲವಾದ್ದರಿಂದ ಸವೆತವಿಲ್ಲ. ಶಾಶ್ವತ ಅಯಸ್ಕಾಂತಗಳಾದ್ದರಿಂದ ಊರಿಗೆಲ್ಲ ಕರೆಂಟು ಹೋದರೂ ತಡೆ ಕೆಲಸ ಮಾಡುತ್ತದೆ.

ಸರದಿಯ ಗಣಿತ, ಚಳಿಯ ಲೆಕ್ಕ

ಕ್ರಿಸ್ಮಸ್ ವಾರದಲ್ಲಿ ಜನಸಂದಣಿ ಹೆಚ್ಚು. ಸರದಿ ಎಷ್ಟು ಹೊತ್ತೆಂಬುದನ್ನು ಊಹಿಸಬೇಕಾಗಿಲ್ಲ, ಲೆಕ್ಕ ಹಾಕಬಹುದು. ಸಾಲಿನಲ್ಲಿರುವವರ ಸಂಖ್ಯೆಯು ಸಾಲಿಗೆ ಸೇರುವ ವೇಗ ಮತ್ತು ಕಾಯುವ ಕಾಲ ಇವುಗಳ ಗುಣಲಬ್ಧವೆಂಬ ಸರಳ ನಿಯಮವನ್ನು ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದನು. ಬಂಡಿಯಲ್ಲಿ 24 ಆಸನಗಳಿದ್ದು, ಹತ್ತಿ ಇಳಿಯುವುದೂ ಸೇರಿ ಒಂದು ಸುತ್ತಿಗೆ 3 ನಿಮಿಷವಾದರೆ ಗಂಟೆಗೆ 480 ಮಂದಿ ಮುಗಿಯುತ್ತಾರೆ. ನಿಮ್ಮ ಮುಂದೆ 240 ಮಂದಿ ಇದ್ದರೆ ಕಾಯಬೇಕಾದುದು ಅರ್ಧ ಗಂಟೆ. ಇಂತಹ ಹತ್ತು ಸಾಲುಗಳಾದರೆ ಐದು ಗಂಟೆ ಕಳೆಯಿತು! ಬಾಗಿಲು ತೆರೆದೊಡನೆ ದೊಡ್ಡ ಬಂಡಿಗಳ ಕಡೆಗೆ ಹೋಗುವುದೂ, ಎಲ್ಲರೂ ಊಟಕ್ಕೆ ಕುಳಿತಾಗ ಸಾಲು ಸೇರುವುದೂ ಜಾಣತನವೆಂಬುದು ಇದರಿಂದ ಸ್ಪಷ್ಟ.

ಅಲೆಗಳ ಕೊಳದಲ್ಲಿ ಆಡುವವರಿಗೊಂದು ಮಾತು. ನೀರಿನಲ್ಲಿರುವಾಗ ಹಿತವಾಗಿದ್ದವರು ಹೊರಗೆ ಬಂದೊಡನೆ ಗಡಗಡ ನಡುಗುತ್ತಾರೆ. ಮೈಮೇಲಿನ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. 50 ಗ್ರಾಂ ನೀರು ಆರುವುದಕ್ಕೆ ತಗಲುವ ಶಾಖವನ್ನು ತೆಗೆದರೆ 29 ಲೀಟರ್ ನೀರು ಒಂದು ಡಿಗ್ರಿಯಷ್ಟು ತಣ್ಣಗಾಗುತ್ತದೆ. ಆ ಶಾಖದಲ್ಲಿ ದೊಡ್ಡ ಪಾಲನ್ನು ತೆರುವುದು ನಮ್ಮ ದೇಹ. ಡಿಸೆಂಬರಿನ ಒಣಗಾಳಿಯಲ್ಲಿ ಈ ಕೆಲಸ ಬೇಗ ನಡೆಯುತ್ತದೆ. ಸಂಜೆಯಾಗುವ ಮುನ್ನವೇ ಮಕ್ಕಳನ್ನು ನೀರಿನಿಂದ ಎಬ್ಬಿಸಿ ಮೈ ಒರೆಸುವುದು ಬರಿಯ ಅಮ್ಮಂದಿರ ಗೊಣಗಾಟವಲ್ಲ, ಶಾಸ್ತ್ರಸಮ್ಮತವಾದ ಉಪದೇಶ.

ಈ ವರ್ಷ ಹೋಗಲಾರದವರು ನಿರಾಶರಾಗಬೇಕಿಲ್ಲ. ಪ್ಲಾಸ್ಟಿಕ್ ಸೀಸೆಯೊಂದರ ತಳದ ಬಳಿ ಸಣ್ಣ ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆಗೆದು ಹಿಡಿಯಿರಿ. ತೂತಿನಿಂದ ನೀರು ಚಿಮ್ಮುತ್ತದೆ. ಈಗ ಕುರ್ಚಿಯ ಮೇಲೆ ನಿಂತು ಸೀಸೆಯನ್ನು ಅಂಗಳದ ಬಕೆಟ್ಟಿಗೆ ಬೀಳಬಿಡಿ. ಬೀಳುತ್ತಿರುವಷ್ಟು ಹೊತ್ತೂ ತೂತಿನಿಂದ ಒಂದು ಹನಿಯೂ ಹೊರಬಾರದು. ಸೀಸೆಯೊಳಗಿನ ನೀರು ಆ ಅರ್ಧ ಸೆಕೆಂಡು ತೂಕವಿಲ್ಲದುದಾಗಿರುತ್ತದೆ. ಈ ಪ್ರಯೋಗಕ್ಕೆ ತಕ್ಕ ದಿನವನ್ನು ಹುಡುಕುವುದಾದರೆ ಡಿಸೆಂಬರ್ 25ಕ್ಕಿಂತ ಒಳ್ಳೆಯದಿಲ್ಲ. ಇಂಗ್ಲೆಂಡಿನಲ್ಲಿ ಆಗ ಬಳಕೆಯಲ್ಲಿದ್ದ ಪಂಚಾಂಗದ ಪ್ರಕಾರ 1642ರ ಕ್ರಿಸ್ಮಸ್ ದಿನದಂದೇ ಐಸಾಕ್ ನ್ಯೂಟನ್ ಹುಟ್ಟಿದನು.