ಜೋಡು ಕುದುರೆಯ ಚಕ್ಕಡಿ

ಕೆಲವು ವರ್ಷಗಳ ಹಿಂದಿನ ಮಾತು. ರಾಯಬಾಗದಿಂದ ಚಿಕ್ಕೋಡಿಗೆ ಬಾಡಿಗೆಯ ಜೀಪೊಂದರಲ್ಲಿ ಹೊರಟಿದ್ದೆ. ಸಂತೆಯ ದಿನವಾದುದರಿಂದ ಹತ್ತು ಜನರ ಸ್ಥಳದಲ್ಲಿ ಹದಿನಾರು ಜನ ಕುಳಿತಿದ್ದೆವು. ಕಬ್ಬಿನ ಟ್ರ್ಯಾಕ್ಟರುಗಳು ಉತ್ತುಹಾಕಿದಂತಿದ್ದ ರಸ್ತೆ. ನನ್ನ ಎದುರಿಗಿದ್ದ ಮುದುಕಿಯೊಬ್ಬಳು ತೊಡೆಯ ಮೇಲಿನ ಬುಟ್ಟಿಯನ್ನು ಕೂಸಿನಂತೆ ಅವಚಿಕೊಂಡಿದ್ದಳು. ಗಾಡಿ ಒಂದು ತಗ್ಗಿನಲ್ಲಿ ಧುಮುಕಿ ಎದ್ದಾಗ ಆಕೆ ಕೂಗಿದಳು:

“ಸಾವಕಾಶ ಹೊಡಿಯೋ ತಮ್ಮಾ, ಬುಟ್ಟ್ಯಾಗ ತತ್ತಿ ಅದಾವು!”

“ರಸ್ತಾ ನಾ ಮಾಡೀನೇನ ಆಯೀ?” ಎಂದ ಚಾಲಕ.

ಎಲ್ಲರೂ ನಕ್ಕೆವು, ಮುದುಕಿ ನಗಲಿಲ್ಲ. ಚಿಕ್ಕೋಡಿಯಲ್ಲಿ ಇಳಿಯುವಾಗ ಬುಟ್ಟಿಯ ತಳದಿಂದ ಹಳದಿ ನೀರು ಜಿನುಗುತ್ತಿತ್ತು. ನಮಗೆ ವಿನೋದವಾದುದು ಆಕೆಗೆ ಒಂದು ವಾರದ ಉಪ್ಪು ಎಣ್ಣೆಯ ಪ್ರಶ್ನೆಯಾಗಿತ್ತು.

ತಪ್ಪು ರಸ್ತೆಯದೇ, ಚಾಲಕನದೇ ಎಂಬ ವಾದ ನಮ್ಮ ನಾಡಿನಲ್ಲಿ ಎಂದಿಗೂ ಮುಗಿಯದು. ಆದರೆ ಮೂರನೆಯದೊಂದು ಉತ್ತರವುಂಟು: ತಪ್ಪು ಗಾಡಿಯದು. ಈ ಉತ್ತರವನ್ನು ಮನಸ್ಸಿಗೆ ತಂದುಕೊಂಡವನು ಫ್ರಾನ್ಸ್ ದೇಶದ ಪಿಯೆರ್-ಜೂಲ್ ಬೂಲಾಂಜೆ. 1930ರ ದಶಕದ ನಡುವಿನಲ್ಲಿ ಸಿತ್ರೋಎನ್ ಕಾರಿನ ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡವರಲ್ಲಿ ಆತನೊಬ್ಬನು. ಅಲ್ಲಿಯ ಹಳ್ಳಿಗರು ಆಗ ಇನ್ನೂ ಕುದುರೆ ಗಾಡಿಗಳಲ್ಲಿಯೇ ಪೇಟೆಗೆ ಹೋಗುತ್ತಿದ್ದರು. ಆತನು ತನ್ನ ಎಂಜಿನಿಯರುಗಳ ಮುಂದಿಟ್ಟ ಬೇಡಿಕೆ ಮೋಟಾರು ಪ್ರಪಂಚದಲ್ಲಿ ಒಂದು ಐತಿಹ್ಯವೇ ಆಗಿದೆ: ಮರದ ಪಾದರಕ್ಷೆ ತೊಟ್ಟ ಇಬ್ಬರು ಒಕ್ಕಲಿಗರು, ಅವರೊಡನೆ ಐವತ್ತು ಕಿಲೋ ಆಲೂಗಡ್ಡೆ, ಗಂಟೆಗೆ ಅರವತ್ತು ಕಿಲೋಮೀಟರ್ ವೇಗ, ನೂರು ಕಿಲೋಮೀಟರಿಗೆ ಮೂರು ಲೀಟರ್ ಪೆಟ್ರೋಲು. ಕೊನೆಯದಾಗಿ, ಉತ್ತ ಹೊಲದ ಮೇಲೆ ಹಾಯ್ದರೂ ಬುಟ್ಟಿಯಲ್ಲಿಯ ಒಂದು ತತ್ತಿಯೂ ಒಡೆಯಕೂಡದು!

ರಾಯಬಾಗದ ಮುದುಕಿಯ ಕೋರಿಕೆಯೂ ಇದೇ ಅಲ್ಲವೆ?

1939ರಲ್ಲಿ ಪರೀಕ್ಷೆಗೆಂದು ಸುಮಾರು 250 ಕಾರುಗಳು ಸಿದ್ಧವಾದವು. ಅಷ್ಟರಲ್ಲಿ ಮಹಾಯುದ್ಧ ಬಂದೊದಗಿತು. ಜರ್ಮನರ ಕೈಗೆ ಸಿಕ್ಕೀತೆಂದು ಹೆಚ್ಚಿನವನ್ನು ಒಡೆದುಹಾಕಿದರು, ಕೆಲವನ್ನು ಬಚ್ಚಿಟ್ಟರು. ಹೀಗೆ ಅಡಗಿಸಿಟ್ಟ ಮೂರು ಕಾರುಗಳು 1990ರ ದಶಕದಲ್ಲಿ ಕಂಪನಿಯ ಪರೀಕ್ಷಾಭೂಮಿಯ ಹಳೆಯ ಕಣಜವೊಂದರ ಅಟ್ಟದ ಮೇಲೆ ದೊರೆತುವು. ಅಂತೂ 1948ರ ಅಕ್ಟೋಬರದಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಕಾರು ಲೋಕದ ಕಣ್ಣಿಗೆ ಬಿದ್ದಿತು. ಹೆಸರು 2ಸಿವಿ, ಎಂದರೆ ‘ಎರಡು ಕುದುರೆ’. ಇದು ಅಲ್ಲಿಯ ತೆರಿಗೆಯ ಲೆಕ್ಕ. ಮೊದಲ ಎಂಜಿನಿನ ನಿಜವಾದ ಬಲ ಒಂಬತ್ತು ಅಶ್ವಶಕ್ತಿ. ಹೆಸರು ಕೇಳಿದಾಗಲೆಲ್ಲ ನನಗೆ ನಮ್ಮ ಚಕ್ಕಡಿಯ ಜೋಡೆತ್ತುಗಳೇ ನೆನಪಾಗುತ್ತವೆ.

ಅದರ ರೂಪವನ್ನು ಕಂಡು ಪತ್ರಿಕೆಯವರು ನಕ್ಕರು. ಸುಕ್ಕುಗಟ್ಟಿದ ತಗಡಿನ ಮೂತಿ, ಕಪ್ಪೆಯ ಕಣ್ಣಿನಂಥ ದೀಪಗಳು, ಸುರುಳಿ ಸುತ್ತಿ ಹಿಂದಕ್ಕೆ ಸರಿಸಬಹುದಾದ ಬಟ್ಟೆಯ ಮಾಡು, ಬೂದಿಯದೊಂದೇ ಬಣ್ಣ. ಆದರೆ ಆ ಕುರೂಪದಲ್ಲಿ ಯಾವುದೂ ಅಕಾರಣವಾಗಿರಲಿಲ್ಲ. ತೆಳುವಾದ ತಗಡು ಬಾಗದಿರಲೆಂದು ಸುಕ್ಕು. ಎತ್ತರದ ಸಾಮಾನು ಹಿಡಿಸಲೆಂದು ಬಟ್ಟೆಯ ಮಾಡು. ಬೂಲಾಂಜೆ ತಲೆಯ ಮೇಲೆ ಟೋಪಿಯಿಟ್ಟುಕೊಂಡೇ ಒಳಗೆ ಕುಳಿತು, ಟೋಪಿ ಮಾಡಿಗೆ ತಗಲಿದರೆ ಆ ನಕ್ಷೆಯನ್ನು ತಿರಸ್ಕರಿಸುತ್ತಿದ್ದನಂತೆ. ನಮ್ಮ ಅಥಣಿಯ ಕಡೆಯ ರೈತನು ಪಟಗಾ ತೆಗೆಯದೆಯೇ ಅದರಲ್ಲಿ ಕೂಡ್ರಬಹುದಾಗಿತ್ತು.

ತತ್ತಿಯ ಸಮಸ್ಯೆಯನ್ನು ಬಿಡಿಸಿದ ಬಗೆಯಂತೂ ಮೆಚ್ಚತಕ್ಕದ್ದು. ಪ್ರತಿಯೊಂದು ಗಾಲಿಯನ್ನೂ ಒಂದೊಂದು ಉದ್ದನೆಯ ತೋಳಿಗೆ ಕಟ್ಟಿದ್ದಾರೆ. ಒಂದೇ ಪಕ್ಕದ ಮುಂದಿನ ಮತ್ತು ಹಿಂದಿನ ತೋಳುಗಳು ಕಬ್ಬಿಣದ ಸರಳುಗಳ ಮೂಲಕ, ನೆಲಗಟ್ಟಿನ ಕೆಳಗೆ ಅಡ್ಡಮಲಗಿದ ಒಂದೇ ಕೊಳವೆಯೊಳಗಿನ ಸ್ಪ್ರಿಂಗುಗಳನ್ನು ಎಳೆಯುತ್ತವೆ. ಆ ಕೊಳವೆಯೂ ಸ್ವಲ್ಪ ಹಿಂದುಮುಂದಾಗಿ ಜರಗಬಲ್ಲದು. ಮುಂದಿನ ಗಾಲಿ ದಿನ್ನೆಯನ್ನೇರಿದೊಡನೆ ಕೊಳವೆ ಜರಗಿ ಆ ಸುದ್ದಿಯನ್ನು ಹಿಂದಿನ ಗಾಲಿಗೆ ಮುಟ್ಟಿಸುತ್ತದೆ. ಕಾರಿನ ಮೂತಿಯೊಂದೇ ಏಳದೆ ಬೆನ್ನೂ ಜೊತೆಗೆ ಏಳುತ್ತದೆ. ಒಂದೇ ನೊಗಕ್ಕೆ ಹೂಡಿದ ಎತ್ತುಗಳಲ್ಲಿ ಒಂದರ ಹೆಜ್ಜೆ ಇನ್ನೊಂದಕ್ಕೆ ತಿಳಿಯುವಂತೆ ಇದು. ಎಂಜಿನಿನ ಬಲವೂ ಮುಂದಿನ ಗಾಲಿಗಳಿಗೇ ಹೋಗುವುದರಿಂದ, ಎತ್ತುಗಳು ಚಕ್ಕಡಿಯನ್ನು ಎಳೆಯುವಂತೆ ಅವು ಕಾರನ್ನು ಕೆಸರಿನಿಂದ ಎಳೆದೊಯ್ಯುತ್ತವೆ.

ಎಂಜಿನಿನಲ್ಲಿ ಕೂಡಿಸಿದುದಕ್ಕಿಂತ ಕಳೆದುದೇ ಹೆಚ್ಚು. ವಾಲ್ಟರ್ ಬೆಕ್ಕಿಯಾ ಎಂಬ ಎಂಜಿನಿಯರನು ರಚಿಸಿದ ಈ 375 ಸಿಸಿಯ ಯಂತ್ರದಲ್ಲಿ ಎದುರುಬದುರಾಗಿ ಮಲಗಿದ ಎರಡು ಸಿಲಿಂಡರುಗಳಿವೆ. ಅದನ್ನು ತಣಿಸುವುದು ನೀರಲ್ಲ, ಗಾಳಿ. ಆದುದರಿಂದ ರೇಡಿಯೇಟರ್ ಇಲ್ಲ, ನೀರಿನ ಪಂಪಿಲ್ಲ. ಚಳಿಗೆ ನೀರು ಹೆಪ್ಪುಗಟ್ಟುವ ಭಯವೂ ಇಲ್ಲ, ಬಿಸಿಲಿಗೆ ಕುದಿದು ಉಕ್ಕುವ ಭಯವೂ ಇಲ್ಲ. ಕಿಡಿಯನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರ್ ಸಹ ಇಲ್ಲ. ಎರಡೂ ಸಿಲಿಂಡರುಗಳಿಗೆ ಒಮ್ಮೆಗೇ ಕಿಡಿ ಹಾರುತ್ತದೆ, ಬೇಕಾದುದು ಉರಿಯುತ್ತದೆ, ಬೇಡವಾದುದು ವ್ಯರ್ಥವಾಗುತ್ತದೆ. ಒಂದು ಕಿಡಿ ಹೋದರೆ ಹೋಗಲಿ, ಕೆಡುವ ಭಾಗವೊಂದು ಕಡಿಮೆಯಾಯಿತು! ಮೊದಲಿನ ಕಾರುಗಳಲ್ಲಿ ಪೆಟ್ರೋಲನ್ನು ಅಳೆಯಲು ತೊಟ್ಟಿಯೊಳಗೆ ಇಳಿಬಿಡುವ ಒಂದು ಕಡ್ಡಿ ಮಾತ್ರ. ಆದರೆ ಹಿಂದೆ ಹೇರು ಹೆಚ್ಚಾಗಿ ಮೂತಿ ಮೇಲೆದ್ದರೆ, ದೀಪಗಳನ್ನು ಕುಳಿತಲ್ಲಿಂದಲೇ ಕೆಳಗೆ ಬಾಗಿಸಲು ತಿರುಪೊಂದುಂಟು. ಎಲ್ಲಿ ಜುಗ್ಗತನ ತೋರಬೇಕು, ಎಲ್ಲಿ ತೋರಬಾರದು ಎಂಬ ವಿವೇಕವೆಂದರೆ ಇದೇ.

ದೋಷಗಳಿಲ್ಲವೆಂದಲ್ಲ. ಮೊದಲಿನ ಕಾರಿನ ವೇಗ ಗಂಟೆಗೆ ಸುಮಾರು 65 ಕಿಲೋಮೀಟರ್. ದಿನ್ನೆ ಹತ್ತುವಾಗ ಅದಕ್ಕೂ ತ್ರಾಣ ಸಾಲದು. ತಿರುವಿನಲ್ಲಿ ಅದು ವಾಲುವುದನ್ನು ಕಂಡರೆ ಹೊಸಬರಿಗೆ ಎದೆ ಝಲ್ಲೆನ್ನಬೇಕು. ಅಪಘಾತದಲ್ಲಿ ತೆಳುತಗಡಿನ ರಕ್ಷಣೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಹೀಗಿದ್ದೂ ಜನರು ಇದಕ್ಕಾಗಿ ವರ್ಷಗಟ್ಟಲೆ ಸರದಿಯಲ್ಲಿ ಕಾದರು. 1950ರಲ್ಲಿ ಬೂಲಾಂಜೆ ಕಾರಿನ ಅಪಘಾತವೊಂದರಲ್ಲಿಯೇ ತೀರಿಕೊಂಡನು. ಆತನ ಕೂಸು ಮಾತ್ರ 1990ರವರೆಗೆ ಬಾಳಿತು. ಪೋರ್ಚುಗಲ್ಲಿನ ಕಾರ್ಖಾನೆಯಿಂದ ಕೊನೆಯದು ಹೊರಬೀಳುವಷ್ಟರಲ್ಲಿ ಇಂಥ 38 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದುವು.

ದೂರದ ಫ್ರಾನ್ಸಿನ ಈ ಕಥೆ ನಮಗೇಕೆ ಎನ್ನುವವರಿಗೆ ಮನೆಯ ಕಥೆಯೊಂದನ್ನು ನೆನಪಿಸಬೇಕು. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲನ್ನು ಮಾಡಿದರು. ಕಬ್ಬಿಣ ತಾಗಿದರೆ ಭೂಮಿ ವಿಷವಾದೀತೆಂದು ರೈತರು ಮೊದಲು ಅಂಜಿದರು. ಅವರ ಸಂಶಯ ಹೋಗಲು ಕಾಲ ಹಿಡಿಯಿತು. 1910ರಲ್ಲಿ ಅವರು ನೆಲೆಗೊಳಿಸಿದ ಕಿರ್ಲೋಸ್ಕರವಾಡಿ ನಮ್ಮ ಕಾಗವಾಡದಾಚೆ, ಮಿರಜ ದಾಟಿದರೆ ಬಹು ದೂರವೇನಲ್ಲ. ಅವರೂ ಬೂಲಾಂಜೆಯೂ ತೊಡಗಿದ್ದು ಒಂದೇ ಸ್ಥಳದಿಂದ: ಹೊಲದ ಬದುವಿನಿಂದ.

ಸಿತ್ರೋಎನ್ ಹೆಸರಿನ ಕಾರುಗಳು 2021ರಿಂದ ನಮ್ಮ ದೇಶದಲ್ಲಿಯೂ ಮಾರಾಟವಾಗುತ್ತಿವೆ. ನಿಪ್ಪಾಣಿಯ ಹೆದ್ದಾರಿಯಲ್ಲಿ ನಿಂತರೆ ನಾನಾ ದೇಶಗಳ ಹೆಸರು ಹೊತ್ತ ಕಾರುಗಳು ಹಾಯುವುದನ್ನು ಕಾಣಬಹುದು. ಸುಖಕ್ಕೆ, ವೇಗಕ್ಕೆ, ಥಳುಕಿಗೆ ಅವುಗಳಲ್ಲಿ ಕೊರತೆಯಿಲ್ಲ. ಆದರೆ ಹೆದ್ದಾರಿಯನ್ನು ಬಿಟ್ಟು ಎರೆಹೊಲದ ಗಾಡಿದಾರಿಗೆ ಇಳಿದಾಗ ಅವುಗಳಲ್ಲಿ ಎಷ್ಟು ಮುಂದೆ ಸಾಗಿಯಾವು? ನಮ್ಮ ಕಾಲೇಜುಗಳಲ್ಲಿ ಓದುವ ಹುಡುಗರಲ್ಲಿ ರೈತರ ಮಕ್ಕಳು ಬಹಳ; ಎಂಜಿನಿಯರುಗಳಾಗುವವರೂ ಕಡಿಮೆಯಲ್ಲ. ನಕ್ಷೆಯ ಹಾಳೆಯನ್ನು ಬಿಡಿಸಿಕೊಂಡು ಕೂಡ್ರುವ ಮೊದಲು ಅವರು ಒಮ್ಮೆ ಸಂತೆಯ ಜೀಪಿನಲ್ಲಿ, ಆ ಮುದುಕಿಯ ಪಕ್ಕದಲ್ಲಿ ಕುಳಿತು ಬರಲಿ. ಬುಟ್ಟಿಯನ್ನು ಸ್ವಲ್ಪ ಹೊತ್ತು ತಮ್ಮ ತೊಡೆಯ ಮೇಲೂ ಇಟ್ಟುಕೊಳ್ಳಲಿ.