ದಕ್ಷಿಣಗೋಲದಲ್ಲಿ ಪುಂಡಿ: ಸಿಡ್ನಿಯ ಕಾಯಿ, ಮೆಲ್ಬರ್ನಿನ ಸೊಪ್ಪು

ಆಸ್ಟ್ರೇಲಿಯದ ನರ್ಸರಿಗಳಲ್ಲಿ ‘ರೊಸೆಲ್ಲಾ’ ಎಂಬ ಚೀಟಿ ಹೊತ್ತು ಮಾರಾಟಕ್ಕೆ ನಿಲ್ಲುವ, ಕೆಂಪು ಕಾಂಡದ, ಅಂಗೈಯಂತೆ ಸೀಳಿದ ಎಲೆಗಳ ಗಿಡವು ನಮ್ಮ ಪುಂಡಿಯೇ ಹೊರತು ಬೇರೆಯಲ್ಲ. ಕಲಬುರಗಿ, ರಾಯಚೂರು, ವಿಜಯಪುರದ ಕಡೆಯಿಂದ ಬಂದವರು ಇದನ್ನು ಕಂಡೊಡನೆ ಗುರುತಿಸುತ್ತಾರೆ. ಬೆಂಗಳೂರು ಮೈಸೂರಿನವರಲ್ಲಿ ಅನೇಕರಿಗೆ ಆಂಧ್ರದ ಗೋಂಗುರ ಎಂದರೆ ತಿಳಿಯುತ್ತದೆ. ಮಂಗಳೂರಿನ ಕಡೆಯವರಿಗೆ ‘ಪುಂಡಿ’ ಎಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ. ಕನ್ನಡ ಸಂಘದ ಊಟದಲ್ಲಿ ಈ ಎರಡು ಪುಂಡಿಗಳು ಎದುರಾದಾಗ ಆಗುವ ಗೊಂದಲವನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ. ಈ ಲೇಖನದ ವಿಷಯ ಸೊಪ್ಪಿನ ಪುಂಡಿ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಹಿಬಿಸ್ಕಸ್ ಸಬ್ದರಿಫ. ಲಿನೇಯಸ್ 1753ರಲ್ಲಿ ಕೊಟ್ಟ ಹೆಸರು ಇದು. ದಾಸವಾಳದ ಕುಲಕ್ಕೆ ಸೇರಿದ, ಆಳೆತ್ತರಕ್ಕೆ ಬೆಳೆಯುವ ಈ ಪೊದೆಯ ಮೂಲ ಉಷ್ಣವಲಯದ ಆಫ್ರಿಕ. ನಸುಹಳದಿಯ ದಳಗಳು, ನಡುವೆ ಕಡುಗೆಂಪು ಕಣ್ಣು. ಹೂವಿನ ಆಯುಷ್ಯ ಒಂದೇ ದಿನ. ಹೂ ಉದುರಿದ ಮೇಲೆ ಅದರ ಬುಡದ ಪುಷ್ಪಪಾತ್ರೆ ದಪ್ಪನಾಗಿ, ರಸವತ್ತಾಗಿ, ಕೆಂಪೇರಿ ಬೀಜಕೋಶವನ್ನು ಸುತ್ತುವರಿಯುತ್ತದೆ. ಜನ ಕಾಯಿ ಎನ್ನುವುದು ಇದನ್ನೇ. ಸುಡಾನ್ ಮತ್ತು ಈಜಿಪ್ಟಿನ ಕರ್ಕದೆ, ಸೆನೆಗಲ್ಲಿನ ಬಿಸಾಪ್, ಜಮೈಕದವರು ಕ್ರಿಸ್‌ಮಸ್ಸಿಗೆ ಕುಡಿಯುವ ಸಾರೆಲ್, ಮೆಕ್ಸಿಕೋದ ಹಮೈಕಾ ಪಾನಕ ಎಲ್ಲವೂ ಈ ಕೆಂಪು ಪಾತ್ರೆಯಿಂದಲೇ ಆದವು. ನಮ್ಮಲ್ಲಿ ಮಾತ್ರ ಪ್ರಾಧಾನ್ಯ ಎಲೆಗೆ. ಇದರ ಸೋದರ ಸಸ್ಯವಾದ ಹಿಬಿಸ್ಕಸ್ ಕ್ಯಾನಬಿನಸ್ ಅನ್ನೂ ನಮ್ಮ ರೈತರು ಪುಂಡಿ ಎಂದೇ ಕರೆಯುತ್ತಾರೆ. ಹೊಲದ ಬದುಗುಂಟ ಬೆಳೆದು, ನೀರಿನಲ್ಲಿ ಕೊಳೆಹಾಕಿ, ನಾರು ತೆಗೆದು ಹಗ್ಗ ಹೊಸೆಯುತ್ತಿದ್ದುದು ಹೆಚ್ಚಾಗಿ ಅದರಿಂದ. ಅದರ ಕಾಂಡದಲ್ಲಿ ಸಣ್ಣ ಮುಳ್ಳುಗಳಿರುತ್ತವೆ, ಪುಷ್ಪಪಾತ್ರೆ ಕೊಬ್ಬುವುದಿಲ್ಲ.

ಆಸ್ಟ್ರೇಲಿಯದಲ್ಲಿ ರೊಸೆಲ್ಲಾ ಎಂದರೆ ಜಾಮ್. 1892ರ ಹೊತ್ತಿಗೆ ಕ್ವೀನ್ಸ್‌ಲೆಂಡಿನಲ್ಲಿ ರೊಸೆಲ್ಲಾ ಜಾಮ್ ತಯಾರಿಸುವ ಎರಡು ಕಾರ್ಖಾನೆಗಳಿದ್ದು ಯೂರೋಪಿಗೆ ರಫ್ತು ನಡೆಯುತ್ತಿತ್ತು. ಉದ್ಯಮ ಬಹುಕಾಲ ಬಾಳಲಿಲ್ಲ, 1909ರಲ್ಲಿ ಅಲ್ಲಿ ಉಳಿದಿದ್ದ ಬೆಳೆ ನಾಲ್ಕು ಎಕರೆ ಮೀರಿರಲಿಲ್ಲ. ಆದರೂ ಅಜ್ಜಿಯರ ಕಾಲದ ಜಾಮಿನ ಗಿಡವೆಂಬ ಕೀರ್ತಿ ಅಲ್ಲಿ ಅಳಿದಿಲ್ಲ. ಹೆಸರಿನ ಬಗ್ಗೆ ಒಂದು ಮಾತು. ಇದೇ ಹೆಸರಿನ ಬಣ್ಣದ ಗಿಳಿಗೂ, ಗಿಳಿಯ ಚಿತ್ರ ಹೊತ್ತ ಟೊಮೇಟೊ ಸಾಸಿಗೂ ಗಿಡಕ್ಕೂ ಸಂಬಂಧವಿಲ್ಲ. ಗಿಳಿಯ ಹೆಸರು ಸಿಡ್ನಿಯ ಪರಮಟ್ಟಾ ಬಳಿಯ ರೋಸ್ ಹಿಲ್‌ನಿಂದ ಬಂದದ್ದು, ಗಿಡದ ಹೆಸರು ಹುಳಿಸೊಪ್ಪನ್ನು ಸೂಚಿಸುವ ಫ್ರೆಂಚ್ ಪದದಿಂದ ಬಂದಿರಬೇಕು ಎಂದು ಹೇಳುತ್ತಾರೆ.

ಈ ಜಾಮಿನ ಕೀರ್ತಿಯೇ ಮೆಲ್ಬರ್ನಿನ ಕನ್ನಡಿಗರಿಗೆ ಅಡ್ಡಿಯಾಗಿ ನಿಂತಿದೆ. ಇಲ್ಲಿನ ತೋಟಗಾರಿಕೆಯ ಪುಸ್ತಕಗಳೂ ಬೀಜದ ಪೊಟ್ಟಣಗಳೂ ರೊಸೆಲ್ಲಾವನ್ನು ಕಾಯಿಯ ಬೆಳೆಯೆಂದು ಎಣಿಸಿ, ತಂಪು ಪ್ರದೇಶಕ್ಕೆ ಒಗ್ಗದು ಎಂದು ಬರೆಯುತ್ತವೆ. ಅವು ಸುಳ್ಳು ಹೇಳುತ್ತಿಲ್ಲ. ಆದರೆ ಆ ಮಾತು ಕಾಯಿಗೆ ಅನ್ವಯಿಸುತ್ತದೆಯೇ ಹೊರತು ಸೊಪ್ಪಿಗಲ್ಲ. ಸಿಡ್ನಿಯ ಪಶ್ಚಿಮದಲ್ಲಿ ಕೆಲವು ವರ್ಷ, ಅನಂತರ ಮೆಲ್ಬರ್ನಿನ ಪಶ್ಚಿಮದಲ್ಲಿ ಪುಂಡಿ ಬೆಳೆದ ಅನುಭವದಿಂದ ಹೇಳುವುದಾದರೆ, ಸೊಪ್ಪಿಗೆ ಮೆಲ್ಬರ್ನ್ ಕೆಟ್ಟ ಊರಲ್ಲ. ಒಂದರ್ಥದಲ್ಲಿ ಒಳ್ಳೆಯ ಊರೇ.

ಕಾರಣ ಹಗಲಿನ ಉದ್ದದಲ್ಲಿದೆ. ಪುಂಡಿ ಹ್ರಸ್ವದಿನದ ಸಸ್ಯ: ಹಗಲು ದೀರ್ಘವಾಗಿರುವಷ್ಟು ಕಾಲ ಎಲೆಯನ್ನೇ ಬಿಡುತ್ತದೆ, ಇರುಳು ಸಾಕಷ್ಟು ದೀರ್ಘವಾದಾಗ ಹೂವಿಗೆ ತಿರುಗುತ್ತದೆ. ಹಗಲು ಸುಮಾರು 13 ಗಂಟೆ ಇದ್ದರೆ ಅಕಾಲದ ಹೂವು ತಡೆಯುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆಗೆ ಸ್ವಲ್ಪ ಕಡಿಮೆಯೇ. ಮೆಲ್ಬರ್ನಿನ ಡಿಸೆಂಬರದ ಹಗಲು ಹದಿನಾಲ್ಕು ಮುಕ್ಕಾಲು ಗಂಟೆ, ಸಿಡ್ನಿಯದು ಹದಿನಾಲ್ಕೂವರೆಗೆ ತುಸು ಕಡಿಮೆ. ಎರಡೂ ಊರುಗಳಲ್ಲಿ ಹಗಲು 13 ಗಂಟೆಗಿಂತ ಕೆಳಗಿಳಿಯುವುದು ಫೆಬ್ರವರಿಯ ಕೊನೆಯ ಹೊತ್ತಿಗೆ. ಹೀಗಾಗಿ ಹೂವು ಕಾಣುವುದು ಮಾರ್ಚ್ ತಿಂಗಳಲ್ಲಿ. ಹೂವು ಉದುರಿ ಕಾಯಿ ಕೊಬ್ಬಲು ಮತ್ತೆ ಎರಡು ಮೂರು ವಾರ ಬೆಚ್ಚನೆಯ ಹವೆ ಬೇಕು. ಸಿಡ್ನಿಯಲ್ಲಿ ಏಪ್ರಿಲ್ ಇನ್ನೂ ಬೆಚ್ಚಗಿರುತ್ತದೆ, ಮೇ ತಿಂಗಳವರೆಗೂ ಕಾಯಿ ಕೀಳಬಹುದು. ಮೆಲ್ಬರ್ನಿನಲ್ಲಿ ಅಷ್ಟರೊಳಗೆ ರಾತ್ರಿಗಳು ಕೊರೆಯತೊಡಗಿ ಗಿಡ ಮುದುಡುತ್ತದೆ. ಹತ್ತು ಹನ್ನೆರಡು ಕಾಯಿ ಸಿಕ್ಕರೆ ಅದೃಷ್ಟ. ಆದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೂವಿನ ಗೊಡವೆಯಿಲ್ಲದೆ ಎಲೆಯ ಮೇಲೆ ಎಲೆ ಬಿಡುವ ಗಿಡ ಪಲ್ಯದ ಮನೆಗೆ ಇನ್ನೇನು ಬೇಕು?

ಕಾಯಿಯೇ ಬೇಕೆಂಬ ಮೆಲ್ಬರ್ನಿಗರಿಗೆ ಒಂದು ಉಪಾಯವಿದೆ. ಕುಂಡದ ಗಿಡವನ್ನು ಜನವರಿಯ ಕೊನೆಯಿಂದ ದಿನವೂ ಸಂಜೆ ಆರಕ್ಕೆ ಕತ್ತಲೆಯ ಶೆಡ್ಡಿಗೆ ಸಾಗಿಸಿ ಬೆಳಗ್ಗೆ ಎಂಟಕ್ಕೆ ಹೊರಗಿಟ್ಟರೆ ಹೂವು ಬೇಗ ಬರುತ್ತದೆ. ಸೇವಂತಿಗೆ ಬೆಳೆಗಾರರು ಮಾಡುವುದೂ ಇದನ್ನೇ. ಇರುಳು ಅಖಂಡವಾಗಿರಬೇಕು, ನಡುವೆ ದೀಪ ಬೀಳಬಾರದು. ವಾರಗಟ್ಟಲೆ ಇಷ್ಟು ಮಾಡುವ ತಾಳ್ಮೆ ನನ್ನಲ್ಲಿಲ್ಲ. ಸಿಡ್ನಿಯವರಿಗೂ ಇದರಿಂದ ಒಂದು ಪಾಠವಿದೆ: ಬೀದಿದೀಪದ ಅಥವಾ ಹಿತ್ತಿಲ ದೀಪದ ಬೆಳಕು ರಾತ್ರಿಯಿಡೀ ಬೀಳುವಲ್ಲಿ ನೆಟ್ಟ ಪುಂಡಿ ಹೂ ಬಿಡಲು ತಡಮಾಡಬಹುದು.

ಬೀಜದ ವಿಷಯದಲ್ಲಿ ಗಂಭೀರವಾಗಿ ಹೇಳಬೇಕಾದ ಮಾತೊಂದಿದೆ. ಊರಿನಿಂದ ಬರುವ ಅಪ್ಪ ಅಮ್ಮಂದಿರ ಚೀಲದಲ್ಲಿ ಪುಂಡಿ ಬೀಜದ ಗಂಟನ್ನು ತರಿಸಬೇಡಿ. ಆಸ್ಟ್ರೇಲಿಯಕ್ಕೆ ತರುವ ಯಾವುದೇ ಬೀಜವನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸಲೇಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ 2015ರ ಜೈವಿಕ ಸುರಕ್ಷತಾ ಕಾಯಿದೆಯ ಪ್ರಕಾರ ದಂಡವಿದೆ, ತಾತ್ಕಾಲಿಕ ವೀಸಾದವರ ವೀಸಾ ರದ್ದಾಗುವ ಸಂಭವವೂ ಇದೆ. ಮೊಮ್ಮಗುವನ್ನು ನೋಡಲು ಬಂದ ಎಪ್ಪತ್ತರ ಹಿರಿಯರನ್ನು ಒಂದು ಹಿಡಿ ಬೀಜಕ್ಕಾಗಿ ಆ ಮುಜುಗರಕ್ಕೆ ಒಡ್ಡುವುದು ತರವಲ್ಲ. ಅದರ ಅಗತ್ಯವೂ ಇಲ್ಲ: ಈ ದೇಶದ ಬೀಜ ವ್ಯಾಪಾರಿಗಳಲ್ಲಿ ರೊಸೆಲ್ಲಾ ಬೀಜ ಸುಲಭವಾಗಿ ದೊರೆಯುತ್ತದೆ. ಅದು ಸಾಮಾನ್ಯವಾಗಿ ಕೆಂಪು ಕಾಂಡದ ಬಗೆ. ಎಲೆ ಪಲ್ಯಕ್ಕೆ ಚೆನ್ನಾಗಿ ಒದಗುತ್ತದೆ.

ಬೀಜವನ್ನು ರಾತ್ರಿಯಿಡೀ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿತ್ತಬೇಕು. ಮಣ್ಣು 20 ಡಿಗ್ರಿಗಿಂತ ತಣ್ಣಗಿದ್ದರೆ ಮೊಳಕೆಗಿಂತ ಕೊಳೆಯುವುದೇ ಹೆಚ್ಚು. ಸಿಡ್ನಿಯಲ್ಲಿ ಸೆಪ್ಟೆಂಬರ್ ಕೊನೆಗೆ ಕುಂಡದಲ್ಲಿ, ಅಕ್ಟೋಬರಿನಲ್ಲಿ ನೇರವಾಗಿ ನೆಲದಲ್ಲಿ ಬಿತ್ತಬಹುದು. ಮೆಲ್ಬರ್ನಿನಲ್ಲಿ ಮನೆಯೊಳಗಿನ ಬಿಸಿಲ ಕಿಟಕಿಯ ಬಳಿ ಸಸಿ ಮಾಡಿ, ಕಪ್ ದಿನದ ನಂತರ ಹೊರಗೆ ನೆಡುವುದು ಕ್ಷೇಮ. ನವೆಂಬರದ ಮೊದಲ ಮಂಗಳವಾರದ ಆ ಕುದುರೆ ಪಂದ್ಯವನ್ನು ಇಲ್ಲಿನವರು ಟೊಮೇಟೊ ನೆಡುವ ಮುಹೂರ್ತವೆಂದು ಭಾವಿಸುತ್ತಾರೆ. ಪುಂಡಿಗೆ ಅದಕ್ಕಿಂತಲೂ ಎರಡು ವಾರ ಹೆಚ್ಚು ಕಾದರೆ ಒಳಿತು. ದಕ್ಷಿಣಗೋಲದಲ್ಲಿ ಬಿಸಿಲು ಬೀಳುವುದು ಉತ್ತರದಿಂದ ಎಂಬುದನ್ನು ನೆನಪಿಟ್ಟು, ಉತ್ತರಕ್ಕೆ ಮುಖಮಾಡಿದ ಇಟ್ಟಿಗೆ ಗೋಡೆಯ ಮಗ್ಗುಲನ್ನು ಆರಿಸಿಕೊಳ್ಳಿ. ಹಗಲಿನ ಶಾಖವನ್ನು ಗೋಡೆ ರಾತ್ರಿಗೆ ಹಿಂದಿರುಗಿಸುತ್ತದೆ.

ಮೆಲ್ಬರ್ನಿನ ಪಶ್ಚಿಮದ ಟಾರ್ನೀಟ್, ಟ್ರುಗನೀನಾಗಳ ಮಣ್ಣು ಬಸಾಲ್ಟ್ ಶಿಲೆಯಿಂದಾದ ಜಿಗುಟು ಜೇಡಿ. ವಿಜಯಪುರ, ಕಲಬುರಗಿಯ ಎರೆನೆಲವೂ ಬಸಾಲ್ಟಿನ ಮಗುವೇ. ಮಳೆಯಲ್ಲಿ ಕಾಲಿಗೆ ಮೆತ್ತಿಕೊಂಡು ಬೇಸಿಗೆಯಲ್ಲಿ ಬಿರಿಯುವ ಗುಣ ಎರಡಕ್ಕೂ ಸಮಾನ. ಅಲ್ಲಿ ಬೆಳೆದ ಗಿಡಕ್ಕೆ ಇಲ್ಲಿಯ ಮಣ್ಣು ತೀರ ಅಪರಿಚಿತವಲ್ಲ; ಜಿಪ್ಸಂ, ಕಾಂಪೋಸ್ಟ್ ಬೆರೆಸಿ, ಏರುಮಡಿ ಮಾಡಿ ನೆಟ್ಟರೆ ಸಾಕು. ಸಿಡ್ನಿಯ ಕರಾವಳಿಯ ಮರಳುಮಣ್ಣಿನಲ್ಲಿ ಮಾತ್ರ ಬೇರುಗಂಟಿನ ಜಂತುಹುಳುವಿನ ಕಾಟವಿರುವುದರಿಂದ ಪ್ರತಿವರ್ಷ ಜಾಗ ಬದಲಾಯಿಸಬೇಕು. ಕಾಯಿಗಾಗಿ ಬೆಳೆಯುವವರು ಗಿಡಗಳ ನಡುವೆ ಒಂದು ಮೀಟರ್ ಬಿಡಬೇಕು, ಗೊಬ್ಬರದಲ್ಲಿ ಸಾರಜನಕ ಮಿತವಾಗಿರಬೇಕು. ಸೊಪ್ಪಿನವರಿಗೆ ಒಂದು ಅಡಿಯ ಅಂತರ ಸಾಕು, ಸಾರಜನಕ ಧಾರಾಳವಾಗಿರಲಿ. ಗಿಡ ಮೊಣಕಾಲೆತ್ತರವಾದಾಗ ಕುಡಿ ಚಿವುಟಿದರೆ ಕವಲೊಡೆಯುತ್ತದೆ. ಆಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ಕೊಯ್ಯಬಹುದು. ಎಳೆಯ ಎಲೆಯ ಹುಳಿ ಹಿತವಾದದ್ದು.

ಪಲ್ಯದ ಕ್ರಮ ಊರೂರಿಗೆ ಬೇರೆ. ನಮ್ಮಲ್ಲಿ ಸೊಪ್ಪನ್ನು ಮೊದಲು ನೀರಿನಲ್ಲಿ ಕುದಿಸಿ ಬಸಿಯುತ್ತಾರೆ. ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಬೇರೆಯಾಗಿ ಬೆಂದ ಮೇಲೆ ಸೊಪ್ಪು ಸೇರಿಸಿ ಕಡೆದು, ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬೆಳ್ಳುಳ್ಳಿಯಲ್ಲಿ ಜಿಪುಣತನ ಸಲ್ಲದು. ಹುಳಿಯನ್ನು ತಡೆದು ಪಲ್ಯಕ್ಕೆ ಮೈ ಕೊಡುವುದು ನುಚ್ಚು. ಅದನ್ನು ಬಿಟ್ಟರೆ ಉಳಿಯುವುದು ಹುಳಿಸಾರು. ಭಾರತೀಯ ಅಂಗಡಿಗಳಲ್ಲಿ ನುಚ್ಚು ಸಿಗದಿದ್ದರೆ ಇಡೀ ಜೋಳ ತಂದು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಹಿಟ್ಟನ್ನು ಜರಡಿ ಹಿಡಿಯಿರಿ. ಕ್ವೀನ್ಸ್‌ಲೆಂಡ್ ಮತ್ತು ನ್ಯೂ ಸೌತ್ ವೇಲ್ಸಿನ ಉತ್ತರದಲ್ಲಿ ಜೋಳ ಹೇರಳವಾಗಿ ಬೆಳೆಯುತ್ತದೆ, ಆದರೆ ಅದರಲ್ಲಿ ಬಹಳಷ್ಟು ದನದ ಮೇವಿಗೆ ಹೋಗುತ್ತದೆ. ರೊಟ್ಟಿಯವರಿಗೆ ಇದು ನುಂಗಲಾಗದ ಸತ್ಯ. ಅಲ್ಯೂಮಿನಿಯಂ ಪಾತ್ರೆಯನ್ನು ಪುಂಡಿಗೆ ಬಳಸಬೇಡಿ, ಹುಳಿ ಲೋಹವನ್ನು ಕರಗಿಸುತ್ತದೆ. ಹೆಚ್ಚಾದ ಸೊಪ್ಪನ್ನು ಎಣ್ಣೆಯಲ್ಲಿ ಬಾಡಿಸಿ ಫ್ರೀಜರಿನಲ್ಲಿಟ್ಟರೆ ಚಳಿಗಾಲಕ್ಕೂ ಆಯಿತು.

ಬಸಿಯುವ ಕ್ರಮಕ್ಕೆ ರುಚಿಯಾಚೆಗೂ ಅರ್ಥವಿದೆ. ಪುಂಡಿಯಲ್ಲಿ ಆಕ್ಸಲೇಟ್ ಇದೆ. ನೀರಿನಲ್ಲಿ ಕರಗುವ ಭಾಗ ಬಸಿದ ನೀರಿನೊಂದಿಗೆ ಹೋಗುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾದವರು ಹಾಗಿದ್ದೂ ಮಿತಿಯಲ್ಲಿರಬೇಕು. ಒಣಗಿಸಿದ ಕೆಂಪು ಪುಷ್ಪಪಾತ್ರೆಯ ಕಷಾಯ ರಕ್ತದೊತ್ತಡ ಇಳಿಸುತ್ತದೆಂಬ ಮಾತಿಗೆ ಆಧಾರ ಇಲ್ಲದಿಲ್ಲ. ಅಮೆರಿಕದಲ್ಲಿ 65 ಜನರ ಮೇಲೆ ಆರು ವಾರ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ ಮೂರು ಲೋಟ ಕುಡಿದವರ ಮೇಲಿನ ಒತ್ತಡ ಸರಾಸರಿ 7 ಅಂಕದಷ್ಟು ಇಳಿಯಿತು. ಆದರೆ ಅವರದು ಆರಂಭದ ಹಂತದ, ಔಷಧವಿಲ್ಲದ ಏರೊತ್ತಡ. ಮಾತ್ರೆ ನುಂಗುತ್ತಿರುವವರು ಮಾತ್ರೆ ಬಿಟ್ಟು ಕಷಾಯ ಹಿಡಿಯುವುದು ಅಪಾಯ. ಮಾತ್ರೆಯ ಜೊತೆಗೆ ಕುಡಿಯುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳಬೇಕು.

ಸಿಡ್ನಿಯವರು ಜಾಮನ್ನೂ ಮಾಡಬಹುದು. ಪುಷ್ಪಪಾತ್ರೆ ಬಿಡಿಸಿದ ಮೇಲೆ ಉಳಿಯುವ ಹಸಿರು ಬೀಜಕೋಶವನ್ನು ಎಸೆಯಬಾರದು. ಜಾಮ್ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಇರುವುದು ಅದರಲ್ಲಿ. ಅದನ್ನು ಕುದಿಸಿ ಸೋಸಿದ ನೀರಿನಲ್ಲಿ ಕೆಂಪು ಭಾಗವನ್ನು ಬೇಯಿಸಿ, ಸಮಪ್ರಮಾಣ ಸಕ್ಕರೆ ಹಾಕುತ್ತಾರೆ. ನನಗೆ ಅದಕ್ಕಿಂತ ಕಾಯಿಯ ಖಾರದ ಚಟ್ನಿ ಪ್ರಿಯ.

ಬೀಜಕ್ಕಾಗಿ ಪ್ರತಿ ಗಿಡದಲ್ಲಿ ಕೆಲವು ಕಾಯಿಗಳನ್ನು ಕೀಳದೆ ಬಿಡಬೇಕು. ಕೋಶ ಕಂದಾಗಿ, ಒಣಗಿ, ತುದಿ ಬಿರಿದಾಗ ಬೀಜ ಸಿದ್ಧ. ಪುಂಡಿ ಬಹುಮಟ್ಟಿಗೆ ಸ್ವಪರಾಗಸ್ಪರ್ಶಿಯಾದ್ದರಿಂದ ಬೀಜ ತಾಯಿಗಿಡದ ಗುಣವನ್ನು ಉಳಿಸಿಕೊಳ್ಳುತ್ತದೆ. ಮೆಲ್ಬರ್ನಿನ ಬಯಲಿನಲ್ಲಿ ಕೋಶ ಮಾಗುವಷ್ಟು ಬಿಸಿಲು ಬಹುತೇಕ ವರ್ಷಗಳಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಇಲ್ಲಿನ ಮನೆಗಳ ಪುಂಡಿ ಮುಂದುವರಿಯಬೇಕಾದರೆ ಸಿಡ್ನಿಯ ಗೆಳೆಯರು ಜೂನ್ ತಿಂಗಳಲ್ಲಿ ಒಂದು ಲಕೋಟೆ ಅಂಚೆಗೆ ಹಾಕಬೇಕು. ಈ ಎರಡು ರಾಜ್ಯಗಳ ನಡುವೆ ಅದಕ್ಕೆ ತೊಡಕಿಲ್ಲ. ಪಶ್ಚಿಮ ಆಸ್ಟ್ರೇಲಿಯ ಮತ್ತು ಟಾಸ್ಮೇನಿಯದ ನಿಯಮಗಳು ಬಿಗಿ, ಅಲ್ಲಿಗೆ ಕಳಿಸುವ ಮೊದಲು ವಿಚಾರಿಸಿ. ಬೀಜವನ್ನು ಚೆನ್ನಾಗಿ ಒಣಗಿಸಿ, ಕಾಗದದಲ್ಲಿ ಸುತ್ತಿ, ಮೇಲೆ ಕಾಂಡದ ಬಣ್ಣ ಮತ್ತು ವರ್ಷವನ್ನು ಬರೆದಿಡಿ.